ಒಂದು ಮೊಳ ಮೀನು

ಮೊಳ ಅಂದರೆ ಎಷ್ಟು ಉದ್ದ? ಹೂವಾಡಗಿತ್ತಿಯ ಎದುರು ನಿಂತು ಈ ಪ್ರಶ್ನೆ ಕೇಳುವ ಎದೆಗಾರಿಕೆ ನಿಮಗಿದೆಯೆ? ನನಗಂತೂ ಇಷ್ಟು ವಯಸ್ಸಾದರೂ ಬಂದಿಲ್ಲ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅನ್ನುತ್ತದೆ ನಿಘಂಟು. ಎರಡು ಗೇಣು ಅನ್ನುತ್ತಿದ್ದಳು ಅಜ್ಜಿ. 18 ಇಂಚು ಅಂತ ನಮ್ಮ ಮಿಡ್ಲ್ ಸ್ಕೂಲಿನ ಲೆಕ್ಕದ ಮೇಷ್ಟ್ರು ರೂಲುದೊಣ್ಣೆಯ ಸಮೇತ ಕಲಿಸಿದ್ದರು. ಆದರೆ ಗಾಂಧಿಬಜಾರಿನ ಮೂಲೆಯಲ್ಲಿ ಸಂಜೆ ಕುಕ್ಕೆ ಇಟ್ಟುಕೊಂಡು ಕೂರುವ ಹೆಂಗಸಿಗೆ ಈ ಮೂವರ ಮಾತೂ ಲೆಕ್ಕಕ್ಕಿಲ್ಲ. ಮೊಣಕೈಯನ್ನು ಅರ್ಧ ಮಡಿಸಿ, ಸರವನ್ನು ಬೆರಳ ತುದಿಯ ಬದಲು ಗೆಣ್ಣಿಗೇ ಸಿಕ್ಕಿಸಿ, ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಚಕ್ಕನೆ ದಾರ ಹರಿದು ಬಾಳೆಲೆಯಲ್ಲಿ ಸುತ್ತಿಬಿಟ್ಟಿರುತ್ತಾಳೆ. ಮೊಳ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅನ್ನುವುದು ದೇವರಿಗೇ ಗೊತ್ತು. ಹೂ ಹೋಗುವುದೂ ದೇವರ ತಲೆಗೇ ಆದ್ದರಿಂದ ಅವನೇ ನೋಡಿಕೊಳ್ಳಲಿ ಅಂತ ನಾನು ಸುಮ್ಮನಿದ್ದುಬಿಡುತ್ತೇನೆ.

ಇದನ್ನೆಲ್ಲ ಯಾಕೆ ತೆಗೆದೆನೆಂದರೆ, ಮೊಳದ ನಿಜವಾದ ಉದ್ದ ನನಗೆ ಗೊತ್ತಾದದ್ದು ಮೇಷ್ಟ್ರಿಂದಲೂ ಅಲ್ಲ, ಹೂವಿನವಳಿಂದಲೂ ಅಲ್ಲ. ಅಮೆರಿಕದ ನ್ಯೂಜೆರ್ಸಿಯ ಕಡಲಲ್ಲಿ, ಒಂದು ದೋಣಿಯ ಮೇಲೆ, ಮೊಣಕಾಲುದ್ದ ರಬ್ಬರ್ ಬೂಟು ಹಾಕಿಕೊಂಡು ಮೀನು ನಾರುತ್ತಿದ್ದ ಇಪ್ಪತ್ತರ ಹುಡುಗನೊಬ್ಬನಿಂದ. ಅವನಿಗೆ ಮೊಳ ಅನ್ನುವ ಪದವೇ ಗೊತ್ತಿಲ್ಲ. ಪಾಠ ಮಾತ್ರ ಮೇಷ್ಟ್ರ ರೂಲುದೊಣ್ಣೆಗಿಂತ ಚುರುಕಾಗಿ ತಾಗಿತು.

ಮಗನ ಮನೆ ಇರುವುದು ಎಡಿಸನ್ ಎಂಬ ಊರಿನಲ್ಲಿ. ಹೌದು, ಬಲ್ಬಿನ ಎಡಿಸನ್ನೇ. ಆತನ ಮೆನ್ಲೋ ಪಾರ್ಕ್ ಪ್ರಯೋಗಶಾಲೆ ಇದ್ದದ್ದು ಈ ಊರಲ್ಲೇ. ಬಲ್ಬು ಉರಿದ ಜಾಗದಲ್ಲಿ ಈಗ ಒಗ್ಗರಣೆ ಸಿಡಿಯುತ್ತದೆ. ಓಕ್ ಟ್ರೀ ರೋಡಿಗೆ ಹೋದರೆ ಹುರಿಗಾಳಿನಿಂದ ರೇಷ್ಮೆ ಸೀರೆಯವರೆಗೆ ಸಿಗದ ಸಾಮಾನಿಲ್ಲ. ಸಿಗದಿರುವುದು ಒಂದೇ, ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರಿಗೆ ಮಾಡಲು ಕೆಲಸ. ನನ್ನ ಹೆಂಡತಿ ಅಡುಗೆಮನೆಯ ಅಧಿಕಾರ ಹಿಡಿದು ಬಚಾವಾದಳು. ನಾನು ಸೋಫಾ ಹಿಡಿದೆ. ಸೋಫಾ ಬೂದುಬಣ್ಣದ್ದು. ಮಗ ಚಳಿಗೆಂದು ಕೊಡಿಸಿದ ಸ್ವೆಟರೂ ಬೂದುಬಣ್ಣದ್ದೇ. ತಲೆಯ ಬಣ್ಣ ಹೇಗಿದ್ದರೂ ಅದೇ. ಒಂದು ಮಧ್ಯಾಹ್ನ ಮೊಮ್ಮಗ ಟೀವಿ ನೋಡುತ್ತ ಹಿಂದೆ ಹಿಂದೆ ಬಂದು ನನ್ನ ಮೇಲೇ ಕೂತ. ಸೋಫಾ ಅಂದುಕೊಂಡನಂತೆ! ಈ ಸಂಗತಿ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಹೀಗೆ ಪೀಠೋಪಕರಣವಾಗಿ ಕುಳಿತಿದ್ದವನನ್ನು ಎಬ್ಬಿಸಿದವರು ಕನ್ನಡ ಕೂಟದಲ್ಲಿ ಪರಿಚಯವಾದ ದಾವಣಗೆರೆ ಕಡೆಯ ಒಬ್ಬ ಮಹನೀಯರು. ಮೂವತ್ತು ವರ್ಷದಿಂದ ಅಲ್ಲೇ ಇರುವವರು. ಒಬ್ಬಟ್ಟಿನ ಸಾಲಿನಲ್ಲಿ ನಿಂತಾಗ ಹಿಂದಿನಿಂದ ಕೇಳಿದರು: “ಸಾರ್, ಶನಿವಾರ ಪಾರ್ಟಿ ಬೋಟಿಗೆ ಬರ್ತೀರಾ?”

ಪಾರ್ಟಿ ಅಂದರೆ ನಮಗೆ ಗೊತ್ತಿರುವುದು ಎರಡೇ ಬಗೆ. ಒಂದರಲ್ಲಿ ಕೇಕು ಕತ್ತರಿಸುತ್ತಾರೆ, ಇನ್ನೊಂದರಲ್ಲಿ ಟಿಕೆಟ್ ಕತ್ತರಿಸುತ್ತಾರೆ. ಈ ವಯಸ್ಸಿನಲ್ಲಿ ಎರಡೂ ಬೇಡ ಅಂದುಕೊಂಡೆ. ಅವರು ನಕ್ಕು ವಿವರಿಸಿದರು. ಇದು ಮೀನು ಹಿಡಿಯುವ ದೋಣಿ. ದೊಡ್ಡದು, ಐವತ್ತು ಅರವತ್ತು ಜನ ಹಿಡಿಸುವಂಥದ್ದು. ಯಾರು ಬೇಕಾದರೂ ಹೋಗಬಹುದು. ಗಾಳ, ಎರೆ ಎಲ್ಲ ಅವರೇ ಕೊಡುತ್ತಾರೆ. ತಲೆಗೆ ಇಷ್ಟು ಅಂತ ಕೊಟ್ಟು ಹತ್ತಿದರೆ ಮುಗಿಯಿತು. ತಲೆಲೆಕ್ಕದಲ್ಲಿ ವಸೂಲಿ ಮಾಡುವುದರಿಂದ ಇದನ್ನೇ ಹೆಡ್ ಬೋಟ್ ಅಂತಲೂ ಕರೆಯುತ್ತಾರೆ. ನಮ್ಮ ಭಾಷೆಯಲ್ಲಿ ತಲೆಗಂದಾಯದ ದೋಣಿ ಅನ್ನಿ. ಇನ್ನೊಂದು ಬಗೆಯಿದೆಯಂತೆ. ಅದರಲ್ಲಿ ದುಡ್ಡು ಕೊಟ್ಟವರು ಆರೇ ಜನ ಹತ್ತಬಹುದು, ಕಪ್ತಾನನ ಲೈಸೆನ್ಸು ಅಷ್ಟಕ್ಕೇ. ಅದರ ಹೆಸರು ಸಿಕ್ಸ್ ಪ್ಯಾಕ್. ಅದು ಟ್ಯಾಕ್ಸಿ, ಇದು ಸಿಟಿ ಬಸ್ಸು. ನಾನು ಜೀವಮಾನವೆಲ್ಲ ಬಸ್ಸಿನಲ್ಲಿ ಓಡಾಡಿದವನು, ಒಪ್ಪಿಕೊಂಡೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ದೋಸೆಯ ಹಿಟ್ಟು ಕಲಸುತ್ತಿದ್ದವಳು ಕೈ ನಿಲ್ಲಿಸಿದಳು. ಅವಳು ಗಂಗೊಳ್ಳಿಯವಳು. ಬಂದರಿನ ಗದ್ದಲದಲ್ಲಿ ಬೆಳೆದವಳು. ಸಿಟ್ಟು ಮತ್ತು ಆಶ್ಚರ್ಯ ಎರಡೂ ಅವಳಿಗೆ ಕುಂದಾಪುರದ ಕನ್ನಡದಲ್ಲೇ ಬರುವುದು. “ದುಡ್ಡ್ ಕೊಟ್ಟ್ ಮೀನ್ ಹಿಡೂಕೆ ಹೋಪ್ದಾ? ನಮ್ಮೂರಂಗೆ ಹಿಡ್ದರಿಗೆ ದುಡ್ಡ್ ಸಿಕ್ಕತ್ತ್!” ಅಂದಳು. ಉತ್ತರವಿಲ್ಲದ ಪ್ರಶ್ನೆಗಳಿಗೆ ನಾನು ಮದುವೆಯಾದಾಗಿನಿಂದ ಮಾಡುತ್ತ ಬಂದಿರುವುದನ್ನೇ ಮಾಡಿದೆ. ಅಲಾರಂ ಇಟ್ಟುಕೊಂಡು ಮಲಗಿದೆ.

ಅಂದಹಾಗೆ, ನನಗೆ ಗಾಳ ಹಾಕಿ ಗೊತ್ತಿಲ್ಲ ಅಂದುಕೊಳ್ಳಬೇಡಿ. ನಾನು ತಿಪಟೂರು ಸೀಮೆಯವನು. ಬೇಸಿಗೆ ರಜೆಯಲ್ಲಿ ಕೆರೆ ಏರಿಯ ಮೇಲೆ ಕೂತು, ಬಿದಿರ ಕಡ್ಡಿಗೆ ದಾರ, ದಾರಕ್ಕೆ ಬೆಂಡು, ಬೆಂಡಿನ ಕೆಳಗೆ ಎರೆಹುಳು ಕಟ್ಟಿ ಗೆಂಡೆ ಹಿಡಿದವನು. ಹಿಡಿದವನು ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಕೂತವನು ಅನ್ನೋಣ. ಕೆರೆಯಲ್ಲಿ ಬೆಂಡು ಮುಳುಗುವುದನ್ನು ನೋಡುತ್ತ ಕೂರುವುದಷ್ಟೇ ಕೆಲಸ. ಕಡಲಿನಲ್ಲಿ ನೋಡುವುದಕ್ಕೆ ಬೆಂಡೇ ಇರುವುದಿಲ್ಲ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಅಟ್ಲಾಂಟಿಕ್ ಹೈಲ್ಯಾಂಡ್ಸ್ ಎಂಬ ಬಂದರಿಗೆ ನಾವು ತಲುಪಿದಾಗ ಬೆಳಗಿನ ಆರೂಮುಕ್ಕಾಲು. ದೋಣಿ ಹೊರಡುವುದು ಏಳೂವರೆಗೆ. ಬೇಗ ಬಂದೆವೆಂಬ ಹೆಮ್ಮೆಯಲ್ಲಿ ಹತ್ತಿ ನೋಡಿದರೆ ಹಿಂಬದಿಯ ಕಂಬಿಗೆಲ್ಲ ಆಗಲೇ ಗಾಳದ ಕೋಲುಗಳನ್ನು ಕಟ್ಟಿಬಿಟ್ಟಿದ್ದಾರೆ. ಒಂದಕ್ಕೆ ಟವೆಲ್, ಇನ್ನೊಂದಕ್ಕೆ ಟೋಪಿ. ಯಜಮಾನರು ಮಾತ್ರ ದಡದಲ್ಲಿ ಕಾಫಿ ಕುಡಿಯುತ್ತ ನಿಂತಿದ್ದಾರೆ. ನನಗೆ ತಿಪಟೂರಿನ ಬಸ್‌ಸ್ಟ್ಯಾಂಡಿಗೇ ಬಂದು ಇಳಿದಂತಾಯಿತು. ಕೆಂಪು ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ನಮ್ಮದೊಂದೇ ಅಂದುಕೊಂಡಿದ್ದೆನಲ್ಲ! ದೋಣಿಯ ಹಿಂಬದಿ ಯಾಕೆ ಅಷ್ಟು ಪ್ರಿಯ ಅಂದರೆ, ಅಲ್ಲಿ ದಾರ ಬಿಡಲು ಜಾಗ ಹೆಚ್ಚು, ಅಕ್ಕಪಕ್ಕದವರ ದಾರದೊಂದಿಗೆ ಸಿಕ್ಕುಬೀಳುವುದು ಕಡಿಮೆ. ನಮಗೆ ಸಿಕ್ಕಿದ್ದು ನಡುವಿನ ಜಾಗ. ಬಸ್ಸಿನಲ್ಲಾದರೆ ಚಕ್ರದ ಮೇಲಿನ ಸೀಟು.

ದೋಣಿ ಬಂದರು ಬಿಟ್ಟಿತು. ಬಲಕ್ಕೆ ಸ್ಯಾಂಡಿ ಹುಕ್ ಎಂಬ ಮರಳಿನ ನಾಲಿಗೆ, ಅದರ ಮೇಲೊಂದು ಬಿಳಿಯ ದೀಪಸ್ತಂಭ. ಅಮೆರಿಕದಲ್ಲಿ ಇವತ್ತಿಗೂ ಉರಿಯುತ್ತಿರುವ ದೀಪಸ್ತಂಭಗಳಲ್ಲಿ ಅದೇ ಅತಿ ಹಳೆಯದು, 1764ರದ್ದು. ಅಂದರೆ ಹೈದರಾಲಿ ಬಿದನೂರು ಗೆದ್ದ ಮರುವರ್ಷ. ಆಗಿನ್ನೂ ಅಮೆರಿಕವೆಂಬ ದೇಶವೇ ಹುಟ್ಟಿರಲಿಲ್ಲ. ಹಡಗುಗಳು ಮರಳಿಗೆ ಬಡಿದು ನಷ್ಟವಾಗುತ್ತಿದೆಯೆಂದು ನ್ಯೂಯಾರ್ಕಿನ ವರ್ತಕರು ಗೋಳಾಡಿ, ಲಾಟರಿ ಎತ್ತಿ ದುಡ್ಡು ಕೂಡಿಸಿ ಕಟ್ಟಿಸಿದ್ದು. ಕಟ್ಟಿದಾಗ ಮರಳಿನ ತುದಿಗೆ 500 ಅಡಿ ದೂರದಲ್ಲಿತ್ತಂತೆ. ಅಲೆಗಳು ವರ್ಷವರ್ಷವೂ ಮರಳು ತಂದು ಸುರಿದು ಸುರಿದು ಈಗ ತುದಿ ಒಂದೂವರೆ ಮೈಲಿ ಆಚೆ ಹೋಗಿದೆ. ದೀಪಸ್ತಂಭ ಅಲ್ಲೇ ನಿಂತಿದೆ, ಕಡಲೇ ಹಿಂದೆ ಸರಿದಿದೆ. ಆಚೆ ಉತ್ತರಕ್ಕೆ, ಮಂಜಿನ ಹಿಂದೆ, ಮ್ಯಾನ್‌ಹಟನ್ನಿನ ಕಟ್ಟಡಗಳು ಯಾರೋ ಅಟ್ಟದ ಮೇಲೆ ಸಾಲಾಗಿ ಜೋಡಿಸಿಟ್ಟ ಡಬ್ಬಿಗಳ ಹಾಗೆ ಕಾಣುತ್ತಿದ್ದವು.

ಸ್ವಲ್ಪ ದೂರ ಹೋದಮೇಲೆ ಕಪ್ತಾನ ಎಂಜಿನ್ ಆರಿಸಿದ. ಲಂಗರು ಹಾಕಲಿಲ್ಲ. ಕೆಟ್ಟುಹೋಯಿತೇನೋ ಅಂತ ನಾನು ಲೈಫ್ ಜಾಕೆಟ್ ಎಲ್ಲಿದೆಯೆಂದು ಹುಡುಕತೊಡಗಿದೆ. ಕೆಟ್ಟದ್ದಲ್ಲ, ಕ್ರಮವೇ ಹಾಗೆ. ನಾವು ಹಿಡಿಯಲು ಬಂದಿದ್ದ ಫ್ಲೌಂಡರ್, ತಳದ ಮರಳಿನಲ್ಲಿ ಮೈ ಹೂತುಕೊಂಡು, ಕಣ್ಣೆರಡನ್ನು ಮಾತ್ರ ಹೊರಗಿಟ್ಟು, ತಿಂಡಿ ಎದುರಿಗೆ ಬರಲಿ ಅಂತ ಕಾಯುವ ಚಪ್ಪಟೆ ಮೀನು. ಅದು ಬರುವುದಿಲ್ಲ, ನಾವೇ ಹೋಗಬೇಕು. ಗಾಳಿ ಮತ್ತು ಸೆಳವು ದೋಣಿಯನ್ನು ಮೆಲ್ಲಗೆ ತೇಲಿಸಿಕೊಂಡು ಹೋಗುತ್ತವೆ. ಕೆಳಗೆ ನಮ್ಮ ಎರೆ ಮರಳು ತಟ್ಟುತ್ತ ಮನೆಮನೆಗೆ ಹೋಗಿ ಬಾಗಿಲು ಬಡಿದಂತೆ ಸಾಗುತ್ತದೆ. ಗಾಳಿಯೊಂದು ಕಡೆ, ಸೆಳವೊಂದು ಕಡೆ ಎಳೆದರೆ ದೋಣಿ ನಿಂತಲ್ಲೇ ನಿಲ್ಲುತ್ತದೆ. ಆ ದಿನ ಬರಿಗೈ.

ಭೋಂ ಅಂತ ಹಾರನ್ ಊದಿತು. ನಲವತ್ತು ಗಾಳ ಒಟ್ಟಿಗೇ ನೀರಿಗೆ ಬಿದ್ದವು. “45 ಅಡಿ ಆಳ ಇದೆ” ಅಂದರು ದಾವಣಗೆರೆಯವರು. ಅಡಿಯಲ್ಲಿ ಹೇಳಿದರೆ ನನಗೆ ಆಳ ಹೊಳೆಯುವುದಿಲ್ಲ. ಏಳೂವರೆ ಮಾರು ಅಂದುಕೊಂಡೆ, ಕೂಡಲೇ ಹೊಳೆಯಿತು. ಎರಡೂ ಕೈ ಚಾಚಿದರೆ ಒಂದು ಮಾರು. ನಾಲ್ಕು ಮೊಳ, ಆರು ಅಡಿ. ನಮ್ಮ ಬಾವಿಯ ಹಗ್ಗ ಅಳೆಯುತ್ತಿದ್ದದ್ದು ಹಾಗೆ. ಆಮೇಲೆ ತಿಳಿದದ್ದೇನೆಂದರೆ, ಇಂಗ್ಲಿಷ್ ನಾವಿಕರು ಕಡಲಿನ ಆಳ ಹೇಳುವ ಫ್ಯಾದಂ ಕೂಡ ಆರೇ ಅಡಿ, ಆ ಪದದ ಹಳೆಯ ಅರ್ಥವೂ ಚಾಚಿದ ಎರಡು ತೋಳು. ತಿಪಟೂರಿನ ಬಾವಿ ಮತ್ತು ಅಟ್ಲಾಂಟಿಕ್ ಸಾಗರಕ್ಕೆ ಒಂದೇ ಅಳತೆಗೋಲು! ಇದನ್ನು ದೋಣಿಯಲ್ಲಿ ಯಾರಿಗಾದರೂ ಹೇಳಲೇಬೇಕೆಂದು ಎರಡೂ ಕೈ ಚಾಚಿದೆ. ಬಲಗೈ ಪಕ್ಕದ ಮುದುಕರ ಕಾಫಿ ಲೋಟಕ್ಕೆ ತಗುಲಿತು.

ಹೀಗೆ ಆ ಮುದುಕರ ಪರಿಚಯವಾಯಿತು. ಎಂಬತ್ತರ ಹತ್ತಿರದವರು, ಮಾಸಿದ ಬೇಸ್‌ಬಾಲ್ ಟೋಪಿ. ಕಾಫಿ ಚೆಲ್ಲಿದ್ದಕ್ಕೆ ಬೈಯದೆ, ನನ್ನ ಗಾಳ ಹಿಡಿಯುವ ಕ್ರಮ ನೋಡಿ ಮಾತ್ರ ತಲೆ ಅಲ್ಲಾಡಿಸಿದರು. ಎರೆ ಸಿಕ್ಕಿಸುವುದನ್ನು ತೋರಿಸಿಕೊಟ್ಟರು. ರಿಬ್ಬನ್ನಿನ ಹಾಗೆ ಕತ್ತರಿಸಿದ ಸ್ಕ್ವಿಡ್, ಅಂದರೆ ನಮ್ಮ ಕರಾವಳಿಯ ಬೊಂಡಾಸ್. ಅದರ ಜೊತೆಗೊಂದು ಬೆರಳುದ್ದದ ಬೆಳ್ಳಿ ಮೀನು. ದಾರವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಬಿಡಬೇಕು. ಸೀಸದ ಗುಂಡು ತಳ ಮುಟ್ಟಿದಾಗ ದಾರ ಸಡಿಲಾಗುತ್ತದೆ, ಅಲ್ಲಿಂದ ಮೇಲೆ ಕೆಳಗೆ ಮೇಲೆ ಕೆಳಗೆ ಕುಣಿಸುತ್ತಿರಬೇಕು. ಮೀನು ಕಚ್ಚಿದ ತಕ್ಷಣ ಎಳೆಯಬಾರದು. ಕೋಲು ತಗ್ಗಿಸಿ ಇನ್ನೊಂದು ತುತ್ತು ತಿನ್ನಲು ಬಿಟ್ಟು, ಆಮೇಲೆ ಎತ್ತಬೇಕು. ಮದುವೆ ಮನೆಯಲ್ಲಿ ಬೀಗರನ್ನು ಉಪಚರಿಸುವ ಹಾಗೆ.

ನನ್ನ ಗಾಳ ಮೊದಲು ಜಗ್ಗಿದಾಗ ಎದೆ ಹಾರಿದ್ದು ನಿಜ. ಉಪಚಾರವೆಲ್ಲ ಮರೆತು ಗರಗರನೆ ರೀಲು ಸುತ್ತಿದೆ. ಬಂದದ್ದೊಂದು ವಿಚಿತ್ರ. ಕಬ್ಬಿಣದ ಹೆಲ್ಮೆಟ್ಟಿನಂಥ ತಲೆ, ಚಿಟ್ಟೆಯಂಥ ರೆಕ್ಕೆ, ಗಂಟಲ ಕೆಳಗೆ ಆರು ಕಾಲು! ದೋಣಿಯ ಹಲಗೆಯ ಮೇಲೆ ಬಿದ್ದದ್ದೇ ಗೊರ್ ಗೊರ್ ಅಂತ ಕಪ್ಪೆಯ ಹಾಗೆ ಬೈಯತೊಡಗಿತು. ಇದರ ಹೆಸರು ಸೀ ರಾಬಿನ್. ಯಾರಿಗೂ ಬೇಡದ ಮೀನು. ಅದು ಬಂದರೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ನನಗೇನೋ ಅದರ ಮೇಲೆ ಮಮತೆ ಹುಟ್ಟಿತು. ಆ ಕಾಲುಗಳು ನಿಜವಾದ ಕಾಲಲ್ಲ, ರೆಕ್ಕೆಯಿಂದ ಬಿಡಿಸಿಕೊಂಡು ಬಂದ ಕಡ್ಡಿಗಳು. ಅವುಗಳ ಮೇಲೆ ಸಮುದ್ರದ ತಳದಲ್ಲಿ ನಡೆಯುತ್ತದೆ. ಬರೀ ನಡೆಯುವುದಲ್ಲ, ಆ ಕಾಲುಗಳಿಂದಲೇ ರುಚಿಯನ್ನೂ ನೋಡಿ ಮರಳಿನೊಳಗೆ ಅಡಗಿದ ತಿಂಡಿಯನ್ನು ಕೆದಕಿ ತೆಗೆಯುತ್ತದೆಂದು ವಿಜ್ಞಾನಿಗಳು 2024ರಲ್ಲಿ ವಿವರವಾಗಿ ಬರೆದಿದ್ದಾರೆ. ಯೋಚಿಸಿ ನೋಡಿ, ಅಡುಗೆಮನೆಗೆ ಕಾಲಿಟ್ಟ ಕೂಡಲೇ ಸಾರಿಗೆ ಉಪ್ಪು ಕಡಿಮೆಯಾಗಿದೆಯೆಂದು ತಿಳಿಯುವ ಗಂಡ! ಆ ಮೀನನ್ನು ನೀರಿಗೆ ಬಿಟ್ಟದ್ದೇ ಕ್ಷೇಮ.

ಎರಡನೆಯ ಸಲ ಬಂದದ್ದು ಅಸಲಿ ಫ್ಲೌಂಡರ್. ಅಲ್ಲಿಯವರು ಇದನ್ನು ಫ್ಲೂಕ್ ಅನ್ನುತ್ತಾರೆ. ನೋಡಿದರೆ ಮೀನೇ ಅಲ್ಲ, ಒಂದೇ ಮಗ್ಗುಲು ಬೆಂದ ಅಕ್ಕಿರೊಟ್ಟಿ. ಮೇಲಿನ ಬದಿ ಕಂದು, ನಡುನಡುವೆ ಸುಟ್ಟ ಕಲೆಗಳು, ಬಾಲದ ಕಡೆ ಉಂಗುರವಿಟ್ಟ ಚುಕ್ಕೆಗಳು. ತಿರುಗಿಸಿದರೆ ಕೆಳಗೆ ಹಸಿ ಹಿಟ್ಟಿನ ಬಿಳುಪು. ಕಣ್ಣು ಎರಡೂ ಒಂದೇ ಕಡೆ! ಉಬ್ಬಿದ ಗುಂಡುಗಳು, ಒಂದು ನನ್ನನ್ನು ನೋಡುತ್ತಿತ್ತು, ಇನ್ನೊಂದು ಆ ಬೂಟಿನ ಹುಡುಗನನ್ನು. ಬಾಯಿ ಓರೆ, ಹಲ್ಲು ಚೂಪು.

ಹುಡುಗ ಬಂದ. ಕೈಯಲ್ಲಿ ಅಳತೆಯ ಹಲಗೆ. ಮೂತಿಯನ್ನು ಒಂದು ತುದಿಗೆ ಒತ್ತಿ ಬಾಲ ನೋಡಿದ. 15 ಇಂಚು. “ಶಾರ್ಟ್!” ಅಂದ. ನಾನು ಇನ್ನೂ ಫೋಟೋ ತೆಗೆಯಲೆಂದು ಫೋನು ಹುಡುಕುತ್ತಿರುವಾಗಲೇ ಮೀನು ನೀರಿನಲ್ಲಿತ್ತು. ಆ ವರ್ಷ ನ್ಯೂಜೆರ್ಸಿಯ ಕಾನೂನು ಹೀಗೆ: ತಲೆಗೆ ಮೂರೇ ಮೀನು, ಒಂದೊಂದೂ 18 ಇಂಚಿಗೆ ಕಡಿಮೆ ಇರಕೂಡದು. 18 ಇಂಚು! ಅಂದರೆ ಸರಿಯಾಗಿ ಒಂದು ಮೊಳ. ಏಳು ಸಮುದ್ರ ದಾಟಿ ಬಂದರೂ ಮೊಳ ಬೆನ್ನು ಬಿಡಲಿಲ್ಲವಲ್ಲ ಅಂದುಕೊಂಡೆ. ಇಲ್ಲಿನ ಮೊಳ ಮಾತ್ರ ಮೊಣಕೈ ಮಡಿಸುವುದಿಲ್ಲ.

ಮೊಳ ದಾಟಿದ್ದು ಕೀಪರ್, ಇಟ್ಟುಕೊಳ್ಳಬಹುದು. ತೀರಾ ದೊಡ್ಡದು ಸಿಕ್ಕರೆ ಡೋರ್‌ಮ್ಯಾಟ್, ಕಾಲೊರಸು. ಹೊಗಳಿಕೆ ನೋಡಿ! ನಮ್ಮಲ್ಲಿ ಹೊಸ್ತಿಲ ಹೊರಗೆ ಬಿದ್ದಿರುವ ವಸ್ತು ಅಲ್ಲಿ ಬಿರುದು. 1975ರಲ್ಲಿ ನ್ಯೂಯಾರ್ಕಿನ ಮಾಂಟಾಕ್ ಕಡಲಲ್ಲಿ ಸಿಕ್ಕಿದ್ದೊಂದು 22 ಪೌಂಡು 7 ಔನ್ಸ್ ತೂಗಿತಂತೆ, ಹತ್ತು ಕಿಲೋ ಮೀರಿದ ಕಾಲೊರಸು. ಇಂಥ ದೊಡ್ಡವೆಲ್ಲ ಸಾಮಾನ್ಯವಾಗಿ ಹೆಣ್ಣು. ಗಂಡುಗಳು ಅಷ್ಟು ಬೆಳೆಯುವುದೇ ಇಲ್ಲ. 18 ಇಂಚು ದಾಟಿದವುಗಳಲ್ಲಿ ಬಹುಪಾಲು ಹೆಣ್ಣುಗಳೇ. ಮರಿಗಳನ್ನು ಉಳಿಸಲೆಂದು ಮಾಡಿದ ಕಾನೂನು ಹೀಗೆ ತಾಯಂದಿರ ಕುತ್ತಿಗೆಗೇ ಬಂದಿದೆ. ಗಂಡು ಮೀನುಗಳು ಜೀವನವಿಡೀ ಕುಳ್ಳಗಿದ್ದು ಕಾನೂನಿನ ಕೆಳಗೆ ನುಸುಳಿ ಬದುಕುತ್ತವೆ. ಇದರ ಬಗ್ಗೆ ನಾನು ಹೆಚ್ಚು ಹೇಳಲಾರೆ, ಮನೆಯಲ್ಲಿ ಓದುವವರಿದ್ದಾರೆ.

ಆ ಕಣ್ಣಿನ ಕಥೆ ಹೇಳದೆ ಮುಂದೆ ಹೋಗುವುದು ಹೇಗೆ? ಈ ಮೀನು ಹುಟ್ಟುವಾಗ ಎಲ್ಲ ಮೀನುಗಳ ಹಾಗೇ ಇರುತ್ತದೆ. ಆ ಕಡೆಗೊಂದು ಕಣ್ಣು, ಈ ಕಡೆಗೊಂದು. ನೆಟ್ಟಗೆ ಈಜುತ್ತದೆ. ಸ್ವಲ್ಪ ಬೆಳೆದಮೇಲೆ, ಇನ್ನೂ ಉಗುರಿನಷ್ಟು ಇರುವಾಗಲೇ, ಬಲಗಣ್ಣು ಗುಳೆ ಏಳುತ್ತದೆ. ತಲೆಯ ಮೇಲಿಂದ ಹತ್ತಿ ಇಳಿದು ಎಡಗಡೆಗೆ ಬಂದು ಇನ್ನೊಂದು ಕಣ್ಣಿನ ಪಕ್ಕದಲ್ಲಿ ನೆಲೆಸುತ್ತದೆ. ಆಮೇಲೆ ಮೀನು ಬಲ ಮಗ್ಗುಲಿಗೆ ಒರಗಿ ಮಲಗಿಬಿಡುತ್ತದೆ, ಜೀವಮಾನ ಪೂರ್ತಿ. ಅದೇ ಕಡಲಿನ ಇನ್ನೊಂದು ಜಾತಿ, ಚಳಿಗಾಲದ ಫ್ಲೌಂಡರ್, ಇದಕ್ಕೆ ತದ್ವಿರುದ್ಧ. ಅದರ ಕಣ್ಣು ಎರಡೂ ಬಲಕ್ಕೆ.

ಈ ಕಣ್ಣು ಡಾರ್ವಿನ್ನನಿಗೂ ತಲೆನೋವಾಗಿತ್ತು. 1871ರಲ್ಲಿ ಮೈವಾರ್ಟ್ ಎಂಬ ಪಂಡಿತ ಕೇಳಿದ: ಎಲ್ಲವೂ ಸ್ವಲ್ಪಸ್ವಲ್ಪವಾಗಿ ಬದಲಾಗುತ್ತ ಬಂದದ್ದಾದರೆ, ಅರ್ಧ ದಾರಿಯಲ್ಲಿ ನಿಂತ ಕಣ್ಣಿನಿಂದ ಆ ಮೀನಿಗೆ ಏನು ಲಾಭ? ಒಳ್ಳೆಯ ಪ್ರಶ್ನೆಯೇ. ಡಾರ್ವಿನ್ ಸುಮ್ಮನೆ ಕೂರುವವನಲ್ಲ. ಮರುವರ್ಷ ತನ್ನ ಪುಸ್ತಕದ ಆರನೆಯ ಆವೃತ್ತಿಯಲ್ಲಿ ಆಕ್ಷೇಪಣೆಗಳಿಗೆಂದೇ ಒಂದು ಅಧ್ಯಾಯ ಸೇರಿಸಿ ಇದಕ್ಕೂ ಉತ್ತರ ಬರೆದ. ಮರಿಗಳು ಒರಗಿ ಮಲಗಿದಾಗ ಕೆಳಗಾದ ಕಣ್ಣನ್ನು ಮೇಲಕ್ಕೆ ತಿರುಗಿಸಲು ಹೆಣಗುವುದನ್ನು ನೋಡಿದವರಿದ್ದಾರೆ ಅಂದ. ಆದರೂ ಅರ್ಧ ದಾರಿಯ ಕಣ್ಣನ್ನು ತೋರಿಸಲು ಅವನಿಂದಾಗಲಿಲ್ಲ. ತೋರಿಸಿದ್ದು 2008ರಲ್ಲಿ, ಮ್ಯಾಟ್ ಫ್ರೀಡ್‌ಮನ್ ಎಂಬ ತರುಣ ಸಂಶೋಧಕ. ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆ, ಒಂದು ಕಣ್ಣು ನೆತ್ತಿಯ ಕಡೆಗೆ ಹೊರಟು ಆಚೆ ದಾಟದೆ ನಿಂತಿದೆ. ತಮಾಷೆಯೆಂದರೆ ಅಂಥ ಕಲ್ಲುಗಳು ಯುರೋಪಿನ ಮ್ಯೂಸಿಯಮ್ಮುಗಳಲ್ಲಿ ಎಷ್ಟೋ ಕಾಲದಿಂದ ಬಿದ್ದುಕೊಂಡಿದ್ದವು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವನು ನಾನೊಬ್ಬನೇ ಅಲ್ಲ ಅಂತ ಸಮಾಧಾನವಾಯಿತು.

ಈಗ ಆ ಸೋಫಾದ ಸಂಗತಿ ನೆನಪು ಮಾಡಿಕೊಳ್ಳಿ. ಈ ಜಾತಿಯ ಮೀನುಗಳು ಮಲಗಿದ ಜಾಗದ ಬಣ್ಣವನ್ನೇ ಮೈಗೆ ತಂದುಕೊಳ್ಳುತ್ತವೆ. ಮರಳಾದರೆ ಮರಳು, ಜಲ್ಲಿಯಾದರೆ ಜಲ್ಲಿ. ಮದರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಮತ್ತು ಸಂಗಡಿಗರು ಉಷ್ಣವಲಯದ ಫ್ಲೌಂಡರುಗಳ ಕೆಳಗೆ ಚದುರಂಗದ ಮಣೆಯಂಥ ಚೌಕುಳಿ ಇಟ್ಟು ನೋಡಿ 1996ರಲ್ಲಿ ಪ್ರಕಟಿಸಿದರು. ಎಂಟು ಸೆಕೆಂಡಿನೊಳಗೆ ಮೀನಿನ ಮೈಮೇಲೆ ಚೌಕುಳಿಯ ಛಾಯೆ ಮೂಡಿತಂತೆ! ನನಗೆ ಸೋಫಾದ ಬಣ್ಣ ಬರಲು ಎರಡು ತಿಂಗಳು ಹಿಡಿದಿತ್ತು. ಆದರೂ ಬಂತಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಲೆಕ್ಕ ಏಳು ಶಾರ್ಟ್, ಮೂರು ಸೀ ರಾಬಿನ್, ಮತ್ತು ಎರಡು ಸಲ ಎದುರು ಬದಿಯ ಒಬ್ಬರ ದಾರ. ದೋಣಿಯ ಕೆಳಗಿನಿಂದ ಬಂದು ಸಿಕ್ಕಿಕೊಂಡ ಆ ದಾರವನ್ನು ನಾನೂ ಎಳೆದೆ, ಅವರೂ ಎಳೆದರು. ಎರಡೂ ಕಡೆ ದೊಡ್ಡ ಮೀನು ಬಿತ್ತೆಂದು ಕೂಗು. ಬೂಟಿನ ಹುಡುಗ ಬಂದು ಜಡೆಯ ಸಿಕ್ಕು ಬಿಡಿಸುವ ತಾಯಿಯ ತಾಳ್ಮೆಯಿಂದ ಬಿಡಿಸಿ ಹೋದ. ಊಟಕ್ಕೆ ದಾವಣಗೆರೆಯವರು ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಮುದುಕರಿಗೂ ಕೊಟ್ಟೆವು. ಕಡಲೆಬೀಜ ಹುಡುಕಿ ಹುಡುಕಿ ತಿಂದರು. ಆಚೆ ಕಂಬಿ ಹಿಡಿದು ಹಸಿರಾಗಿದ್ದ ಒಬ್ಬ ಯುವಕನಿಗೆ ಮಾತ್ರ ನಮ್ಮ ಒಗ್ಗರಣೆಯ ವಾಸನೆ ಒಗ್ಗಲಿಲ್ಲ. ಅವನಿಗೆ ನನ್ನ ಜೇಬಿನ ಶುಂಠಿ ಪೆಪ್ಪರ್‌ಮೆಂಟು ಕೊಟ್ಟೆ. ಗಾಳ ಹಿಡಿಯಲು ಬಾರದವನು ಶುಂಠಿಯಾದರೂ ಹಿಡಿದು ಬಂದಿದ್ದೆನಲ್ಲ!

ಆಗ ಬಂತು ಅದು. ಭಾರ ಗೊತ್ತಾಯಿತು. ಈ ಸಲ ಉಪಚಾರ ಮರೆಯಲಿಲ್ಲ. ಕೋಲು ತಗ್ಗಿಸಿದೆ, ಕಾದೆ, ಎತ್ತಿದೆ. ಮುದುಕರು ತಮ್ಮ ಗಾಳ ಬಿಟ್ಟು ಬಂದು ಪಕ್ಕ ನಿಂತರು. ಹಸಿರು ಯುವಕ ಕೂಡ ತಲೆ ಎತ್ತಿ ನೋಡಿದ. ನೀರಿನೊಳಗೆ ಮೊದಲು ಬಿಳಿಯ ಹೊಟ್ಟೆ ಮಿಂಚಿತು, ಹುಡುಗ ಬಲೆ ಹಾಕಿ ಎತ್ತಿದ. ದೊಡ್ಡದೇ! ಎಲ್ಲರೂ ಹೋ ಅಂದರು. ಹಲಗೆ ಬಂತು. ಮೂತಿ ಒತ್ತಿದ. ಬಾಲವನ್ನು ನೀಟಾಗಿ ಒರಗಿಸಿದ. ಬಗ್ಗಿ ನೋಡಿದ. ಮತ್ತೊಮ್ಮೆ ಮೂತಿ ಒತ್ತಿದ. ನನ್ನ ಮುಖ ನೋಡಿದ.

17 ಮುಕ್ಕಾಲು.

ಕಾಲು ಇಂಚು! ಒಂದು ಕಡಲೆಬೀಜದ ಅಗಲ. ನಮ್ಮೂರಿನ ಸಂತೆಯಲ್ಲಿ ಕಾಲು ಸೇರು ಅವರೆಕಾಯಿ ಕೊಂಡರೂ ಮೇಲೊಂದು ಹಿಡಿ ಕೊಸರು ಹಾಕುತ್ತಾರೆ. ಕೊಸರು ಕೇಳದೆ ಬಂದವನನ್ನು ಮನೆಯಲ್ಲಿ ಪೆದ್ದ ಅನ್ನುತ್ತಾರೆ. ಕೊಸರು ಅನ್ನುವುದಕ್ಕೆ ಆ ಹುಡುಗನ ಭಾಷೆಯಲ್ಲಿ ಪದವಿದೆಯೆ? ನನಗೆ ಹೊಳೆಯಲಿಲ್ಲ. “ಸ್ವಲ್ಪ ಎಳೆದರೆ?” ಅಂತ ಕೈಸನ್ನೆ ಮಾಡಿದೆ. ಸುತ್ತ ನಿಂತವರೆಲ್ಲ ಘೊಳ್ಳನೆ ನಕ್ಕರು. ಅವಮಾನದ ನಗುವಲ್ಲ. ಪ್ರತಿಯೊಬ್ಬನೂ ಎಂದೋ ಒಂದು ದಿನ ಎಳೆದು ನೋಡಿದ್ದವನೇ ಅಂತ ಆ ನಗುವಿನಲ್ಲೇ ಗೊತ್ತಾಗುತ್ತಿತ್ತು. ಹುಡುಗ “ಸಾರಿ, ಬಾಸ್” ಅಂದು, ಎಸೆಯದೆ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನೀರಿಗೆ ಬಿಟ್ಟ. ಅದು ನನಗೆ ಬೆನ್ನು ತಿರುಗಿಸಿ ಹೋಯಿತು ಅಂತ ಬರೆಯಬೇಕು. ಆದರೆ ಆ ಮೀನಿಗೆ ಬೆನ್ನು ಯಾವುದು?

ಸಮಾಧಾನಕ್ಕೆ ಇನ್ನೊಂದು ಕಥೆ. 1960ರ ಜನವರಿ 23ರಂದು ಜ್ಯಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಎಂಬಿಬ್ಬರು ಟ್ರಿಯೆಸ್ಟ್ ಎಂಬ ಉಕ್ಕಿನ ಗುಂಡಿನಲ್ಲಿ ಕೂತು ಜಗತ್ತಿನ ಅತಿ ಆಳದ ಕಡಲಿನ ತಳ ಮುಟ್ಟಿದರು. ನಮ್ಮ ಲೆಕ್ಕದಲ್ಲಿ ಸುಮಾರು 6 ಸಾವಿರ ಮಾರು. ಅಲ್ಲಿ ದೀಪ ಹಾಕಿ ನೋಡಿದಾಗ ಒಂದು ಚಪ್ಪಟೆ ಮೀನು ಮಲಗಿತ್ತು, ಅಡಿಯುದ್ದದ್ದು, ಅಂದ ಪಿಕಾರ್. ಅಷ್ಟು ಆಳದಲ್ಲಿ ಮೀನು ಬದುಕುವುದಿಲ್ಲ, ನೋಡಿದ್ದು ಬೇರೇನೋ ಪ್ರಾಣಿ ಇರಬೇಕು ಅನ್ನುತ್ತಾರೆ ಈಗಿನ ವಿಜ್ಞಾನಿಗಳು. ನನಗೆ ಪಿಕಾರನ ಮೇಲೆ ನಂಬಿಕೆ. ಮೀನು ಕಂಡವರ ಮಾತನ್ನು ಇನ್ನೊಬ್ಬ ಗಾಳದವನು ನಂಬದಿದ್ದರೆ ಯಾರು ನಂಬಬೇಕು? ನಿಜವೇ ಆಗಿದ್ದರೂ ಒಂದು ಅಡಿ. ಆರು ಸಾವಿರ ಮಾರು ಇಳಿದು ಹೋದರೂ ಶಾರ್ಟ್.

ವಾಪಸ್ಸಾಗುವಾಗ ಬಾಜಿಯ ದುಡ್ಡು ಹಂಚಿದರು. ಬೆಳಿಗ್ಗೆ ತಲೆಗೆ ಐದು ಡಾಲರ್ ಹಾಕಿದ್ದೆವು, ಅತಿ ದೊಡ್ಡ ಮೀನಿಗೆ ಅಷ್ಟೂ. ಗೆದ್ದದ್ದು ಟವೆಲ್ ಹಾಕಿದ ಮಹಾರಥರು ಯಾರೂ ಅಲ್ಲ. ನಮ್ಮ ಹಾಗೇ ತಡವಾಗಿ ಬಂದು, ಎಂಜಿನ್ನಿನ ಹೊಗೆ ಕುಡಿಯುತ್ತ, ಅಪ್ಪನ ಜೊತೆ ನಿಂತಿದ್ದ ಹತ್ತು ವರ್ಷದ ಒಂದು ಹುಡುಗಿ. ಅವಳ ಮೀನು ಅವಳ ಎದೆಯಿಂದ ಮೊಣಕಾಲಿನವರೆಗೆ ಬರುತ್ತಿತ್ತು.

ದಡದಲ್ಲಿ ಹುಡುಗ ಮೀನುಗಳನ್ನು ಹಸನು ಮಾಡಿಕೊಟ್ಟ. ಇತರ ಮೀನಿನಲ್ಲಿ ಎರಡು ಹೋಳು ಬಂದರೆ ಇದರಲ್ಲಿ ನಾಲ್ಕು, ಮೇಲೆರಡು ಕೆಳಗೆರಡು. ಕತ್ತಿ ನಡುಮೂಳೆಯ ಮೇಲೆ ಸರ್ರನೆ ಜಾರಿ ಹೋಗುವುದನ್ನು ನೋಡುತ್ತ ನಿಂತೆ. ಮುದುಕರು ತಮ್ಮ ಎರಡು ಮೀನಿನಲ್ಲಿ ಒಂದರ ಹೋಳುಗಳನ್ನು ಚೀಲಕ್ಕೆ ಹಾಕಿ ನನ್ನ ಕೈಗಿಟ್ಟರು. “ರೈಸಿಗೆ” ಅಂದರು. ಚಿತ್ರಾನ್ನದ ಋಣ. ತಲೆ ಮತ್ತು ಮೂಳೆ ಮಾತ್ರ ಬಕೆಟ್ಟಿಗೆ ಬೀಳುತ್ತಿದ್ದವು. ನನ್ನ ಕಣ್ಣಮುಂದೆ ಹೆಂಡತಿಯ ಮುಖ ಬಂತು. ತಲೆ ಬಿಸಾಡಿ ಬಂದೆನೆಂದು ಗೊತ್ತಾದರೆ ಮನೆಗೆ ಸೇರಿಸುವುದುಂಟೆ? ಕೇಳಿದೆ. “ಏಡಿ ಹಿಡಿಯೋಕಾ?” ಅಂದ ಹುಡುಗ. ಹೌದೆಂದೆ. ಗಂಗೊಳ್ಳಿಯ ಸಾರಿನ ವಿಷಯ ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿ ಉಳಿದಿರಲಿಲ್ಲ.

ಹೆಂಡತಿ ಚೀಲ ಬಿಚ್ಚಿ ತಲೆಯನ್ನು ಎತ್ತಿ ಹಿಡಿದು ನೋಡಿದಳು. ಕಣ್ಣುಗಳನ್ನು ನೋಡಿದಳು. ನಾನು ಡಾರ್ವಿನ್, ಮೈವಾರ್ಟ್, ಪಳೆಯುಳಿಕೆ ಎಲ್ಲ ಶುರು ಮಾಡುವ ಮೊದಲೇ, “ಇದ್ ನಂಗ್ ಅಲ್ದಾ!” ಅಂದಳು. ನಂಗು! ಮಳೆಗಾಲ ಕಳೆದಮೇಲೆ ಮಲಬಾರಿನಿಂದ ನಮ್ಮ ಕರಾವಳಿಯವರೆಗೆ ರಾಶಿ ರಾಶಿ ಬಂದು ಬೀಳುವ, ಗೇಣುದ್ದವೂ ಇಲ್ಲದ, ನಾಲಿಗೆಯಂಥ ಮೀನು. ಬಿಸಿಲಲ್ಲಿ ಒಣಗಿಸಿ ಬೇಸಿಗೆಗೆ ಇಟ್ಟುಕೊಳ್ಳುವುದು. ಗ್ರೀಕಿನಲ್ಲಿ ಅದಕ್ಕೆ ಇಟ್ಟ ಹೆಸರಿಗೆ ನಾಯಿನಾಲಿಗೆ ಅಂತಲೇ ಅರ್ಥ. ಹುಡುಕಿ ನೋಡಿದೆ. ಅವಳು ಹೇಳಿದ್ದು ಸರಿ. ಒಂದೇ ಕುಟುಂಬವಲ್ಲದಿದ್ದರೂ ದಾಯಾದಿಗಳು. ನಂಗಿನ ಕಣ್ಣುಗಳೂ ಎಡಕ್ಕೇ. ಇಡೀ ದಿನ ದುಡ್ಡು ಕೊಟ್ಟು, ಬಿಸಿಲಲ್ಲಿ ಬೆಂದು, ಮೊಳಕ್ಕೆ ಕಾಲು ಇಂಚು ಕಡಿಮೆಯಾಗಿ ಕಳೆದುಕೊಂಡದ್ದು ಅವಳ ತವರಿನಲ್ಲಿ ಬುಟ್ಟಿಯ ಲೆಕ್ಕದಲ್ಲಿ ಸಿಗುವ ಮೀನಿನ ದಾಯಾದಿಯನ್ನು! ಡಬ್ಬಿಯ ತೆಂಗಿನಹಾಲು ಸುರಿದು ಸಾರು ಮಾಡಿದಳು. ಮೊಮ್ಮಗ ಕಣ್ಣೆರಡೂ ತನಗೇ ಬೇಕೆಂದು ಹಟ ಹಿಡಿದ.

ಬೆಂಗಳೂರಿಗೆ ಬಂದು ವಾರವಾಗಿತ್ತು. ಶುಕ್ರವಾರದ ಸಂಜೆ, ಗಾಂಧಿಬಜಾರು, ಅದೇ ಮೂಲೆ, ಅದೇ ಕುಕ್ಕೆ. ಎರಡು ಮೊಳ ಮಲ್ಲಿಗೆ ಅಂದೆ. ಅವಳು ಮೊಣಕೈ ಮಡಿಸಿದಳು. ನನಗೆ ಅರಿವಿಲ್ಲದೆ ಬಗ್ಗಿ ನೋಡಿದೆ, ಆ ಹುಡುಗ ಹಲಗೆಯ ಮೇಲೆ ಬಗ್ಗಿದ ಹಾಗೇ. ಬೆರಳ ಗೆಣ್ಣು, ಅರ್ಧ ಮಡಿಸಿದ ಮೊಣಕೈ. 14 ಇಂಚಿದ್ದರೆ ಹೆಚ್ಚು. “ಶಾರ್ಟ್” ಅಂತ ಬಾಯಿಂದ ಬಂದೇಬಿಟ್ಟಿತು.

“ಏನ್ ಸ್ವಾಮಿ ಅಂದ್ರಿ?” ಅಂದಳು.

ಏನಿಲ್ಲ ಅಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಗೊಣಗುತ್ತ, ಸರದಿಂದ ಇನ್ನೊಂದು ಗೇಣು ಎಳೆದು, ಹರಿದು, ಬಾಳೆಲೆಯೊಳಗೆ ತುರುಕಿದಳು.